ಮರದ ಉಪ್ಪರಿಗೆಯ ಸದ್ದಿಗೆ ಮೇಲಿನ ಹಾಸೋ, ಕೆಳಗಿನ ಸೀಲಿಂಗೋ?

ಕಾಸರಗೋಡಿನ ಹಳೆಯ ಹೆಂಚಿನ ಮನೆಯ ಮರದ ಉಪ್ಪರಿಗೆಯನ್ನು ಬಾಡಿಗೆಗೆ ಕೊಡುವ ಮುನ್ನ, ಹಲಗೆಯ ಮೇಲೆ ರಬ್ಬರ್ ಹಾಸು ಹಾಕುವುದೋ, ಕೆಳಗೆ ಜಿಪ್ಸಂ ಸೀಲಿಂಗ್ ಕಟ್ಟಿಸುವುದೋ ಎಂದು ಕೇಳಿದ್ದೀರಿ. ಕಾಡುವ ಸದ್ದು ಯಾವುದೆಂಬುದನ್ನು ಮೊದಲು ಗುರುತಿಸಬೇಕು: ಹೆಜ್ಜೆ ಮತ್ತು ಕುರ್ಚಿಯ ಎಳೆತ ಹಲಗೆಯನ್ನೇ ನಡುಗಿಸಿ ತೊಲೆಗಳ ಮೂಲಕ ಇಳಿಯುತ್ತವೆ, ಮಾತು ಮತ್ತು ಟಿ.ವಿ.ಯ ಸದ್ದು ಗಾಳಿಯಲ್ಲಿ ಬಂದು ಸಂದುಗಳಲ್ಲಿ ನುಸುಳುವುದಲ್ಲದೆ ತೆಳು ಹಲಗೆಯನ್ನೂ ದಾಟುತ್ತವೆ.

ಹಾಸು ಅಗ್ಗ, ಬೇಡವಾದಾಗ ತೆಗೆಯಲೂ ಸುಲಭ. ಕುರ್ಚಿಯ ಕರಕರವನ್ನು ಅದು ಹುಟ್ಟಿದಲ್ಲೇ ತಗ್ಗಿಸುತ್ತದೆ. ಆದರೆ ತೂಕ ಕಡಿಮೆಯಾದ್ದರಿಂದ ಮಾತನ್ನು ಹೆಚ್ಚು ತಡೆಯದು, ಭಾರವಾದ ಹೆಜ್ಜೆಯ ದಢದಢವೂ ಉಳಿಯುತ್ತದೆ.

ಎರಡು ಪದರ ಜಿಪ್ಸಂ ಬೋರ್ಡ್, ಅದರ ಮೇಲಿನ ಪೊಳ್ಳಿನಲ್ಲಿ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರಿನ ಪದರ) ಇರುವ ಸೀಲಿಂಗ್ ಎರಡೂ ಬಗೆಯ ಸದ್ದಿಗೆ ಆಗುತ್ತದೆ, ಆದರೆ ರಬ್ಬರ್ ಕೂಡಿಸಿದ ಹ್ಯಾಂಗರ್‌ಗಳಲ್ಲಿ ತೂಗುಬಿಟ್ಟರೆ ಮಾತ್ರ. ತೊಲೆಗೇ ಬಿಗಿದರೆ ಕಂಪನ ನೇರವಾಗಿ ಇಳಿಯುವುದರಿಂದ ಹಾಕಿದ ದುಡ್ಡಿನ ಬಹುಪಾಲು ವ್ಯರ್ಥ. ಖರ್ಚು ಹಲವು ಪಟ್ಟು, ಕೋಣೆಯ ಎತ್ತರವೂ ತಗ್ಗುತ್ತದೆ. ಚದರ ಮೀಟರಿಗೆ ಸುಮಾರು 20 ಕಿಲೋ ಭಾರ ಹೊರಬೇಕಾದ ತೊಲೆಗಳನ್ನು ಬಡಗಿಯಿಂದ ಪರೀಕ್ಷಿಸಿಯೇ ಮುಚ್ಚಬೇಕು, ಏಕೆಂದರೆ ಆಮೇಲೆ ಗೆದ್ದಲು ಕಣ್ಣಿಗೆ ಬೀಳುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೆಂಚು ಸೋರುವ ಮನೆಯಲ್ಲಿ ಜಿಪ್ಸಂ ಬಾಳದು.

ಮೇಲೆ ಒಬ್ಬಿಬ್ಬರೇ ಇದ್ದು ನಡಿಗೆಯ ಸದ್ದಷ್ಟೇ ತೊಂದರೆಯಾಗಿದ್ದರೆ ಹಾಸು ಸಾಕು. ಸಂಸಾರವೊಂದು ವರ್ಷಗಟ್ಟಲೆ ನಿಲ್ಲುವುದಾದರೆ, ತೊಲೆ ಗಟ್ಟಿಯಿದ್ದಲ್ಲಿ, ಸೀಲಿಂಗ್‌ನ ಖರ್ಚು ಸಾರ್ಥಕ.