ಕ್ಯುಪಾತ್ ಜೊತೆ ಐದು ವರ್ಷ: ಪ್ರಾಸ್ಟೇಟ್ ಬಯಾಪ್ಸಿ ಅಳೆದವರ ಮಾತು

ಕ್ಯಾನ್ಸರ್ ಇದೆಯಾ ಅಂತ ಪ್ರಾಸ್ಟೇಟ್ ಬಯಾಪ್ಸಿ (ಗ್ರಂಥಿಯಿಂದ ತೆಗೆದ ಸಣ್ಣ ತುಣುಕು) ಸ್ಲೈಡ್ ನೋಡುವುದು ನನ್ನ ದಿನನಿತ್ಯದ ಕೆಲಸ. ಕ್ಯುಪಾತ್ ಬಳಸಲು ಶುರು ಮಾಡಿ ಐದು ವರ್ಷ ಆಯಿತು. ಸ್ಕ್ಯಾನ್ ಮಾಡಿದ ಸ್ಲೈಡ್ ಚಿತ್ರದಲ್ಲಿ ಜೀವಕೋಶಗಳನ್ನು ಎಣಿಸಿ ಅಳೆಯುವ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಸಾಫ್ಟ್‌ವೇರ್, ಪೂರ್ತಿ ಉಚಿತ. ಸಂಶೋಧನೆಗೆ ಮಾತ್ರ, ರಿಪೋರ್ಟ್ ಬರೆಯಲು ಅಲ್ಲ.

ಯಾಕೆ ಬೇಕಾಯಿತು ಅಂದರೆ, ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟು ತೀವ್ರ ಅಂತ ಅಂಕ ಕೊಡುವ, 1966ರಲ್ಲಿ ಬಂದ ಗ್ಲೀಸನ್ ಪದ್ಧತಿ ನೋಡುವುದು ಗ್ರಂಥಿಗಳು ಹೇಗೆ ಜೋಡಿಸಿಕೊಂಡಿವೆ ಅನ್ನುವುದನ್ನು. ಜೀವಕೋಶದ ನ್ಯೂಕ್ಲಿಯಸ್ (ಒಳಗಿನ ತಿರುಳು) ಎಷ್ಟು ದೊಡ್ಡದು, ಎಷ್ಟು ಸೊಟ್ಟ ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. 3+4 ಅಥವಾ 4+3 (ಹೆಚ್ಚು ಕಾಣುವ ವಿನ್ಯಾಸದ ಅಂಕ ಮೊದಲು) ಅನ್ನುವ ಗಡಿಯಲ್ಲಿ ಇಬ್ಬರು ಡಾಕ್ಟರು ಎರಡು ಮಾತು ಹೇಳುವುದು ಮಾಮೂಲು. ಅಲ್ಲಿ ಅಳತೆಯ ಸಹಾಯ ಸಿಕ್ಕರೆ ಒಳ್ಳೆಯದು ಅಲ್ವಾ? ನ್ಯೂಕ್ಲಿಯಸ್ ಎಷ್ಟು ಗುಂಡಗಿದೆ ಅಂತ ಅಳೆದು ಮುಂದೇನಾಗಬಹುದು ಅಂತ ಊಹಿಸುವ ಪ್ರಯತ್ನ 1980ರ ದಶಕದಲ್ಲೇ ನಡೆದಿತ್ತು. ಈಗ ಒಂದು ಕ್ಲಿಕ್‌ಗೆ ಸಾವಿರಾರು ಎಣಿಕೆ ಆಗುತ್ತದೆ.

ನನ್ನ ಅನುಭವದಲ್ಲಿ ಸರಾಸರಿ ಗಾತ್ರ ಜಾಸ್ತಿ ಏನೂ ಹೇಳುವುದಿಲ್ಲ. ಗಾತ್ರಗಳ ಏರುಪೇರು ನೋಡಬೇಕು. ಎಲ್ಲ ಒಂದೇ ಅಳತೆಯಲ್ಲಿರುವ ತುಣುಕಿಗೂ, ಚಿಕ್ಕದರ ಪಕ್ಕ ದೈತ್ಯ ಕೂತಿರುವ ತುಣುಕಿಗೂ ಸರಾಸರಿ ಒಂದೇ ಬರಬಹುದು.

ಎಡವಿದ್ದು ನಾನೇ. ಎರಡನೇ ವರ್ಷ ಸ್ಕ್ಯಾನರ್ ಬದಲಾಯಿತು. ಹಳೆಯದರಲ್ಲಿ ಒಂದು ಪಿಕ್ಸೆಲ್ 0.5 ಮೈಕ್ರಾನ್, ಹೊಸದರಲ್ಲಿ 0.25. ಹೊಸ ಚಿತ್ರಗಳಿಗೂ ಹಳೆಯ ಸಂಖ್ಯೆಯನ್ನೇ ಹಾಕಿಬಿಟ್ಟೆ. 50 ಚದರ ಮೈಕ್ರಾನ್ ಇರಬೇಕಾದ ನ್ಯೂಕ್ಲಿಯಸ್ 200 ಅಂತ ಬಂತು. ಎರಡು ದಿನ ಇದೆಂಥ ಭಯಾನಕ ಕ್ಯಾನ್ಸರ್ ಅಂತ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ವಿಭಜನೆ ಆಗುತ್ತಿರುವ ಕೋಶಗಳಿಗೆ ಕಂದು ಬಣ್ಣ ಹಿಡಿಸಿ ತೋರಿಸುವ ಕೆಐ-67 ಪರೀಕ್ಷೆಯ ಎಣಿಕೆಯಲ್ಲಿ ಇನ್ನೊಂದು ತಾಪತ್ರಯ. ಉರಿಯೂತ ಇದ್ದ ಜಾಗದಲ್ಲಿ ಲಿಂಫೋಸೈಟ್‌ಗಳೂ (ಒಂದು ಬಗೆಯ ಬಿಳಿ ರಕ್ತಕಣ) ಕಂದು ಬಣ್ಣ ಹಿಡಿಯುತ್ತವೆ. ಗ್ರಂಥಿಯ ಸುತ್ತ ಕೈಯಲ್ಲೇ ಗೆರೆ ಎಳೆದು ಅವನ್ನು ಹೊರಗಿಡದಿದ್ದರೆ ಶೇಕಡಾವಾರು ಸುಮ್ಮನೆ ಏರುತ್ತದೆ. ಸ್ಲೈಡ್‌ಗೆ ಹಾಕುವ ಬಣ್ಣ (ಸ್ಟೇನ್) ಒಂದು ದಿನ ತೆಳುವಾದರೂ ನ್ಯೂಕ್ಲಿಯಸ್‌ನ ಅಂಚು ಸರಿಯಾಗಿ ಸಿಗದು. ಅದಕ್ಕೇ ಈಗ ಪ್ರತಿ ಬ್ಯಾಚ್ ಜೊತೆಗೂ ಅಳತೆ ಮೊದಲೇ ಗೊತ್ತಿರುವ ಒಂದು ಸ್ಲೈಡ್ ಇಟ್ಟು ಅಳೆಯುತ್ತೇನೆ.

ನಾಲ್ಕು ಸ್ಟಾರ್ ಕೊಡುತ್ತೇನೆ. ಅಳತೆ ನಿಮಿಷಗಳಲ್ಲಿ ಮುಗಿದರೂ ಅದು ನಿಜವಾಯಿತಾ ಅಂತ ತಿಳಿಯಲು ವರ್ಷಗಳು ಬೇಕು. ಪ್ರಾಸ್ಟೇಟ್ ತೆಗೆಯುವ ಆಪರೇಷನ್ ಆದವರ ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ಬಿಡುವ ಪ್ರೋಟೀನ್) ಮಿಲಿಲೀಟರ್‌ಗೆ 0.2 ನ್ಯಾನೋಗ್ರಾಂ ದಾಟುತ್ತದಾ, ಅಂದರೆ ಕ್ಯಾನ್ಸರ್ ಮರಳಿದ ಸೂಚನೆ ಇದೆಯಾ, ಅಂತ ಕಾಯಬೇಕು. ನನ್ನ ಮೊದಲ ವರ್ಷದ ಕೇಸ್‌ಗಳ ಫಾಲೋಅಪ್ ಈಗಷ್ಟೇ ಬರುತ್ತಿದೆ.