ತಪ್ಪು ಉತ್ತರಕ್ಕೂ ಒಂದು ಪುಟ: ಮೂಡಲ್‌ನ ‘ಲೆಸನ್’ ಬಳಸಿ ನೋಡಿದ ಮೇಲೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗಂಗಾವತಿ ಸುತ್ತಲಿನ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ನನ್ನ ಒಂಬತ್ತನೆಯ ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಎಲ್ಲ ಮಕ್ಕಳೂ ಒಂದೇ ವಾರ ತಪ್ಪಿಸಿಕೊಂಡರೆ ಆ ವಾರದ ಪಾಠವನ್ನು ಇನ್ನೊಮ್ಮೆ ಮಾಡಿಬಿಡಬಹುದು. ಹಾಗಾಗುವುದಿಲ್ಲ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ನೆನಪಿಸಿದ ದಿನ ಒಬ್ಬಳು ಬಂದಿರುವುದಿಲ್ಲ, ಭಿನ್ನರಾಶಿ ಕೂಡಿಸಿದ ದಿನ ಇನ್ನೊಬ್ಬ ಬಂದಿರುವುದಿಲ್ಲ, ಶೇಕಡಾ ಲೆಕ್ಕದ ದಿನ ಮತ್ತೊಬ್ಬ ತಾಯಿಯ ಜೊತೆ ಸಸಿ ಕೀಳುತ್ತಿರುತ್ತಾನೆ. ಕಳೆದುಕೊಂಡದ್ದು ಒಬ್ಬೊಬ್ಬರಿಗೆ ಒಂದೊಂದು. 17 ವರ್ಷ ಗಣಿತ ಕಲಿಸಿದ ಮೇಲೂ ನನ್ನನ್ನು ರಾತ್ರಿ ಎಬ್ಬಿಸುವ ಚಿಂತೆ ಇದೊಂದೇ.

ಹೋದ ವರ್ಷ ಒಂದು ಕಂಪನಿಯ ಪ್ರತಿನಿಧಿ ಟ್ಯಾಬ್ಲೆಟ್ ಹಿಡಿದು ಬಂದಿದ್ದರು. ಪ್ರತಿ ಮಗುವಿಗೂ ಅದರದೇ ಪಾಠವನ್ನು ಯಂತ್ರವೇ ಆರಿಸಿಕೊಡುತ್ತದೆ ಎಂದರು. ನಾನು 1/2 + 1/3 ಲೆಕ್ಕಕ್ಕೆ 2/5 ಎಂದು ಒತ್ತಿದೆ. ‘ತಪ್ಪು’ ಎಂದು ತೋರಿಸಿ, ಅದು ಮೊದಲಿನ ವಿಡಿಯೋವನ್ನೇ ಮತ್ತೆ ಹಾಕಿತು. 2/6 ಎಂದು ಒತ್ತಿದೆ. ಅದೇ ವಿಡಿಯೋ. 2/5 ಬರೆದ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. 2/6 ಬರೆದ ಮಗುವಿಗೆ ಲ.ಸಾ.ಅ. ತಿಳಿದಿದೆ, ಛೇದ ಬದಲಾದಾಗ ಅಂಶವೂ ಬದಲಾಗಬೇಕು ಎಂಬುದನ್ನು ಮಾತ್ರ ಮರೆತಿದೆ. ಈ ಎರಡು ಮಕ್ಕಳಿಗೆ ಒಂದೇ ವಿಡಿಯೋ ತೋರಿಸಿದರೆ ಯಾರಿಗೆ ಏನು ಹೇಳಿದಂತಾಯಿತು? ಆ ಪ್ರತಿನಿಧಿಯನ್ನು ಕಳುಹಿಸಿಕೊಟ್ಟು, ಬೇಸಿಗೆ ರಜೆಯಲ್ಲಿ ನಾನೇ ಪಾಠ ಕಟ್ಟಲು ಕುಳಿತೆ.

ಮೂಡಲ್ ಎಂದರೆ ಅಂತರ್ಜಾಲದಲ್ಲಿ ಪಾಠ ಕಟ್ಟಿ ಮಕ್ಕಳಿಗೆ ಕೊಡಲು ಇರುವ ಉಚಿತ, ಮುಕ್ತ ತಂತ್ರಾಂಶ. ಪಶ್ಚಿಮ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅದರ ಮೊದಲ ಆವೃತ್ತಿಯನ್ನು 2002ರಲ್ಲಿ ಹೊರತಂದರು. ಅವರು ಬಾಲ್ಯದಲ್ಲಿ ಮರುಭೂಮಿಯ ದೂರದ ಊರಿನಲ್ಲಿದ್ದು ರೇಡಿಯೋ ಮೂಲಕ ಶಾಲೆ ಕಲಿತವರು ಎಂದು ತಿಳಿದಾಗ ನನಗೆ ಈ ಸಾಧನದ ಮೇಲೆ ಪ್ರೀತಿ ಹುಟ್ಟಿತು. ನನ್ನ ತಮ್ಮ ಅದನ್ನು ಬಾಡಿಗೆಯ ಸರ್ವರ್‌ನಲ್ಲಿ ಹಾಕಿಕೊಟ್ಟ. ಮೂಡಲ್‌ನಲ್ಲಿ ಹತ್ತಾರು ಚಟುವಟಿಕೆಗಳಿವೆ. ನಾನು ಬರೆಯುತ್ತಿರುವುದು ‘ಲೆಸನ್’ ಎಂಬ ಒಂದರ ಬಗ್ಗೆ ಮಾತ್ರ.

ಅದರ ಕೆಲಸ ಸರಳ. ಒಂದು ಪುಟದಲ್ಲಿ ವಿವರಣೆ ಅಥವಾ ಪ್ರಶ್ನೆ ಇಡುತ್ತೀರಿ. ಪ್ರತಿ ಉತ್ತರದ ಕೆಳಗೂ ‘ಜಂಪ್’ ಎಂಬ ಪಟ್ಟಿ ಇರುತ್ತದೆ: ಈ ಉತ್ತರ ಕೊಟ್ಟವರು ಮುಂದೆ ಯಾವ ಪುಟಕ್ಕೆ ಹೋಗಬೇಕು? ಯೋಚನೆ ಹಳೆಯದು. 1950ರ ದಶಕದಲ್ಲಿ ಅಮೆರಿಕದ ನಾರ್ಮನ್ ಕ್ರೌಡರ್ ವಾಯುಪಡೆಯ ತಂತ್ರಜ್ಞರಿಗೆ ತರಬೇತಿ ಕೊಡುತ್ತಾ ಇದೇ ಕವಲು ವಿಧಾನವನ್ನು ರೂಪಿಸಿದ್ದರು. ತಪ್ಪು ಉತ್ತರ ಆರಿಸಿದವನು ಹೋಗುವ ಪುಟದಲ್ಲಿ ಆ ತಪ್ಪಿನದೇ ವಿವರಣೆ ಇರುತ್ತಿತ್ತು.

2/5 ಬರೆದವರಿಗೆ ನಾನು ಮಾಡಿದ ಪುಟ ಹೀಗಿದೆ. ನಮ್ಮಲ್ಲಿ ಭತ್ತದ ಚೀಲ ಎಂದರೆ 75 ಕಿಲೋ. ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚೀಲದಲ್ಲಿ ಅರ್ಧ ಭತ್ತವಿದೆ, ಅಂದರೆ 37.5 ಕಿಲೋ. ಅದಕ್ಕೆ ಚೀಲದ ಮೂರನೇ ಒಂದು ಭಾಗ, 25 ಕಿಲೋ ಸುರಿದೆವು. ನಿನ್ನ ಉತ್ತರದಂತೆ ಈಗ ಚೀಲದಲ್ಲಿ ಐದರಲ್ಲಿ ಎರಡು ಭಾಗ, ಅಂದರೆ 30 ಕಿಲೋ ಇರಬೇಕು. ಸುರಿದ ಮೇಲೆ ಭತ್ತ ಕಡಿಮೆಯಾಯಿತೇ? ಇಷ್ಟೇ. ನಿಯಮ ಹೇಳುವುದಿಲ್ಲ, ಮತ್ತೆ ಪ್ರಶ್ನೆಗೆ ಕಳುಹಿಸುತ್ತೇನೆ. 2/6ರ ಪುಟದಲ್ಲಿ ಲ.ಸಾ.ಅ. ಸರಿ ಕಂಡುಹಿಡಿದದ್ದಕ್ಕೆ ಮೊದಲು ಮೆಚ್ಚುಗೆ, ಆಮೇಲೆ ಅರ್ಧವನ್ನು ಆರನೇ ಭಾಗಗಳಲ್ಲಿ ಎಣಿಸುವ ಚಿತ್ರ. 10/12 ಬರೆದವರಿಗೂ ಒಂದು ಪುಟವಿದೆ: ಉತ್ತರ ಸರಿ, ಸಂಕ್ಷೇಪಿಸಿ ಬರೆ.

ಮೊದಲ ಬಾರಿ ಇದನ್ನು ಮಾಡಿದ ಹುಡುಗಿ ಮರುದಿನ ಬಂದು, “ಅಕ್ಕೋರೇ, ನಾನು ಮನಸ್ಸಿನಲ್ಲಿ ಮಾಡಿದ್ದು ಫೋನಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದಳು. ಫೋನಿಗೆ ಗೊತ್ತಾಗಲಿಲ್ಲ. ಅವಳಿಗಿಂತ ಮೊದಲು ನೂರಾರು ಮಕ್ಕಳು ನನ್ನ ಕಪ್ಪು ಹಲಗೆಯ ಮುಂದೆ ಅದೇ ತಪ್ಪು ಮಾಡಿದ್ದರು. ಲೆಸನ್ ಆ ನೆನಪನ್ನೆಲ್ಲ ಪುಟಗಳಾಗಿ ಜೋಡಿಸಲು ಜಾಗ ಕೊಟ್ಟಿತು. ಅದಕ್ಕಾಗಿಯೇ ನಾನು ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಶ್ರಮ ಕಡಿಮೆಯಲ್ಲ. ಒಂಬತ್ತು ಪ್ರಶ್ನೆಗಳ ಪಾಠ 41 ಪುಟವಾಯಿತು. ಪುಟಗಳ ಸಂಪಾದನೆಯ ಪರದೆ ಉದ್ದನೆಯ ಪಟ್ಟಿಯಂತಿದೆ. ಯಾವ ಕವಲು ಎಲ್ಲಿ ಸೇರುತ್ತದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಎಚ್5ಪಿ ಎಂಬ ಇನ್ನೊಂದು ಸಾಧನದ ಕವಲು ಪಾಠದಲ್ಲಿ ಇದೇ ಸಂಗತಿ ಮರದಂತೆ ಎದುರಿಗೇ ಕಾಣುತ್ತದೆ, ಆ ವಿಷಯದಲ್ಲಿ ಅದು ಮೇಲು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಡೀ ನಕ್ಷೆ ಬರೆದುಕೊಂಡು ಆಮೇಲೆ ಪುಟ ಮಾಡಿದೆ. ಜಂಪ್ ಪಟ್ಟಿಯಲ್ಲಿ ಪುಟದ ಹೆಸರು ಮಾತ್ರ ಕಾಣುವುದರಿಂದ ಹೆಸರಿನಲ್ಲೇ ಪ್ರಶ್ನೆಯ ಸಂಖ್ಯೆಯನ್ನೂ ತಪ್ಪನ್ನೂ ಸೇರಿಸಿ. ‘ವಿವರಣೆ’ ಎಂಬ ಒಂದೇ ಹೆಸರಿನ ಏಳು ಪುಟ ಮಾಡಿ ನಾನು ಒಂದು ಇಡೀ ಸಂಜೆ ಕಳೆದುಕೊಂಡೆ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಪ್ರತಿ ಉತ್ತರಕ್ಕೆ ಎಷ್ಟು ಅಂಕ ಎಂದು ನಾವೇ ಹೇಳುವ ‘ಕಸ್ಟಮ್ ಸ್ಕೋರಿಂಗ್’ ಎಂಬ ಆಯ್ಕೆಯನ್ನು ಬಂದ್ ಮಾಡಬೇಡಿ. ಅದಿಲ್ಲದಿದ್ದರೆ, ಕ್ರಮದಲ್ಲಿ ಮುಂದಿರುವ ಪುಟಕ್ಕೆ ಜಿಗಿಸುವ ಉತ್ತರವನ್ನೆಲ್ಲ ಮೂಡಲ್ ಸರಿಯೆಂದೇ ಎಣಿಸುತ್ತದೆ. ನನ್ನ ತಿದ್ದುವ ಪುಟಗಳೆಲ್ಲ ಪ್ರಶ್ನೆಯ ನಂತರವೇ ಇದ್ದವು. ತಪ್ಪು ಬರೆದವರಿಗೆಲ್ಲ ಅಂಕ ಬಿದ್ದಿತ್ತು. ಮಕ್ಕಳೆದುರು ಅದನ್ನು ಸರಿಪಡಿಸಿ ಹೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಯಲ್ಲಿ ‘5/6’ ಸರಿ, ನಡುವೆ ಜಾಗ ಬಿಟ್ಟ ‘5 / 6’ ತಪ್ಪು. ಎರಡನ್ನೂ ಬೇರೆ ಬೇರೆ ಉತ್ತರಗಳಾಗಿ ಸೇರಿಸಬೇಕು. ಮೂಡಲ್‌ನ ಕನ್ನಡ ಅನುವಾದ ಅಪೂರ್ಣ, ಅರ್ಧ ಗುಂಡಿಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಪಾಠದ ಒಳಗೆ ಕನ್ನಡಕ್ಕೆ ಯಾವ ತೊಂದರೆಯೂ ಇಲ್ಲ.

ನಮ್ಮ ಭಾಗಕ್ಕೆ ಬಹಳ ಒದಗಿದ್ದು ಮೊಬೈಲ್ ಆ್ಯಪ್. ಮನೆಗೊಂದೇ ಫೋನು, ಅಪ್ಪ ರೈಸ್ ಮಿಲ್ಲಿನಿಂದ ಬರುವುದು ರಾತ್ರಿ ಎಂಟಕ್ಕೆ, ಆಗ ನೆಟ್‌ವರ್ಕ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಲೆಸನ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಅನುಮತಿ ಕೊಟ್ಟರೆ ಪಾಠವನ್ನು ಮೊದಲೇ ಇಳಿಸಿಕೊಂಡು ಮಾಡಬಹುದು, ಸಂಪರ್ಕ ಸಿಕ್ಕಾಗ ಉತ್ತರಗಳು ಸರ್ವರ್‌ಗೆ ಸೇರುತ್ತವೆ. ಸಮಯದ ಮಿತಿ ಇಟ್ಟ ಪಾಠಕ್ಕೆ ಈ ಸೌಲಭ್ಯವಿಲ್ಲ, ಮತ್ತು ಸರಿ ಉತ್ತರಗಳೂ ಫೋನಿಗೆ ಇಳಿಯುತ್ತವೆ. ಪರೀಕ್ಷೆಗೆ ಇದು ಬೇಡ, ಕಲಿಕೆಗೆ ಸಾಕು. ನಮಗೆ ಸರ್ವರ್ ಬಾಡಿಗೆಗೆ ಕೊಟ್ಟವರು ಒಮ್ಮೆ ಎರಡು ದಿನ ಸೇವೆ ನಿಲ್ಲಿಸಿಬಿಟ್ಟಾಗಲೂ ಮಕ್ಕಳ ಅಭ್ಯಾಸ ನಿಲ್ಲಲಿಲ್ಲ.

ವರದಿಯ ಭಾಗವನ್ನು ಪ್ರತಿ ಶಿಕ್ಷಕರೂ ನೋಡಬೇಕು. ಯಾವ ಉತ್ತರವನ್ನು ಎಷ್ಟು ಮಂದಿ ಕೊಟ್ಟರು ಎಂದು ಪ್ರಶ್ನೆವಾರು ತೋರಿಸುತ್ತದೆ. ನನ್ನ 34 ಮಕ್ಕಳಲ್ಲಿ ಹೆಚ್ಚಿನವರ ತೊಡಕು 2/5 ಎಂದೇ ನಾನು ನಂಬಿದ್ದೆ. 13 ಮಂದಿ ಬಂದು ನಿಂತದ್ದು 2/6ರಲ್ಲಿ. ಇಷ್ಟು ವರ್ಷ ಅವರಿಗೆಲ್ಲ ಲ.ಸಾ.ಅ.ವನ್ನೇ ಮತ್ತೆ ಮತ್ತೆ ಹೇಳಿಕೊಟ್ಟಿದ್ದೆ, ಅವರಿಗೆ ಅದು ಗೊತ್ತೇ ಇತ್ತು.

ನಾನು ಊಹಿಸದ ಉತ್ತರಗಳೆಲ್ಲ ಒಂದು ಸಾಮಾನ್ಯ ಪುಟಕ್ಕೆ ಹೋಗುವಂತೆ ಇಟ್ಟಿದ್ದೇನೆ. ಈ ವಾರ ಒಬ್ಬ ಹುಡುಗ ಮೂರು ಬಾರಿಯೂ 3/5 ಎಂದು ಬರೆದಿದ್ದಾನೆ. ಯಾವ ದಾರಿಯಲ್ಲಿ ಅಲ್ಲಿಗೆ ತಲುಪಿದನೋ ನನಗೆ ಹೊಳೆದಿಲ್ಲ. ಅವರ ಗದ್ದೆಯ ನಾಟಿ ಸೋಮವಾರ ಮುಗಿಯುತ್ತದೆಯಂತೆ. ಅವನು ಬಂದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. 42ನೆಯ ಪುಟ ಅಲ್ಲಿಯವರೆಗೆ ಖಾಲಿ ಇರುತ್ತದೆ.