ಸಾಗರವೋ, ತೀರ್ಥಹಳ್ಳಿಯೋ? ಮಲೆನಾಡಿನ ಎರಡು ಊರುಗಳಲ್ಲಿ ತಂಗಿ ನೋಡಿದ ಮೇಲೆ

ಶಿವಮೊಗ್ಗ ಜಿಲ್ಲೆಯ ಮಲೆನಾಡನ್ನು ಎರಡು ಮೂರು ದಿನಗಳಲ್ಲಿ ನೋಡಲು ಹೊರಡುವವರು ಚೀಲ ಇಳಿಸುವುದು ಯಾವ ಊರಿನಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿನ ತಿರುವುಗಳ ರಸ್ತೆಯಲ್ಲಿ ನಕ್ಷೆಯ ಮೂವತ್ತು ಕಿಲೋಮೀಟರು ಅರ್ಧ ದಿನವನ್ನೇ ನುಂಗಿಬಿಡುತ್ತದೆ. ನಾನು ಸಾಗರದಲ್ಲಿ ಎರಡು ಸಲ, ತೀರ್ಥಹಳ್ಳಿಯಲ್ಲಿ ಎರಡು ಸಲ ತಂಗಿ, ಹೆಚ್ಚಾಗಿ ಬಸ್ಸು ಮತ್ತು ಆಟೋಗಳಲ್ಲಿಯೇ ತಿರುಗಾಡಿದ್ದೇನೆ. ಸ್ವಂತ ಕಾರಿನಲ್ಲಿ ಬರುವವರಿಗೆ ಈ ಹೋಲಿಕೆಯ ಕೆಲವು ಭಾಗ ಅಷ್ಟಾಗಿ ಅನ್ವಯಿಸದು.

ತಲುಪುವ ಸುಲಭವನ್ನಷ್ಟೇ ನೋಡಿದರೆ ಸಾಗರವೇ ಮುಂದು. ಬೆಂಗಳೂರಿನ ಮೂಲಕ ರಾತ್ರಿ ಸಾಗುವ ಮೈಸೂರು–ತಾಳಗುಪ್ಪ ರೈಲು ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸುತ್ತದೆ, ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ತೀರ್ಥಹಳ್ಳಿಗೆ ರೈಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೋಗಬೇಕು. ಆದರೆ ತುಂಗೆಯ ಪಕ್ಕದಲ್ಲಿ ಸಾಗುವ ಆ ರಸ್ತೆಯನ್ನು ಬರೀ ದಾರಿಯೆಂದು ಎಣಿಸಬಾರದು. ಶಿವಮೊಗ್ಗದಿಂದ 14 ಕಿ.ಮೀ. ದೂರದ ಸಕ್ರೆಬೈಲು ಬಿಡಾರದಲ್ಲಿ ಬೆಳಗಿನ ಹೊತ್ತು ಆನೆಗಳ ಸ್ನಾನ ನೋಡಬಹುದು. ಇನ್ನೂ ಮುಂದೆ ಮಂಡಗದ್ದೆಯಲ್ಲಿ, ಮಳೆಗಾಲದಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆಗಳನ್ನು ರಸ್ತೆಯ ಬದಿಯಿಂದಲೇ ಕಾಣಬಹುದು.

ಸಾಗರದ ನಿಜವಾದ ಬಲ ಅದರ ಸುತ್ತಲಿನ ಹತ್ತು ಕಿಲೋಮೀಟರುಗಳಲ್ಲಿದೆ. ದಕ್ಷಿಣಕ್ಕೆ ಇಕ್ಕೇರಿ, ಉತ್ತರಕ್ಕೆ ಕೆಳದಿ. ಎರಡೂ ಕೆಳದಿ ಅರಸರ ರಾಜಧಾನಿಗಳಾಗಿದ್ದ ಊರುಗಳು. ಮೊದಲ ಸಲ ಹೋದಾಗ ನಾನು ಇಕ್ಕೇರಿಯನ್ನು ಮೊದಲು ನೋಡಿ ತಪ್ಪು ಮಾಡಿದೆ. ಅಘೋರೇಶ್ವರ ದೇವಾಲಯ ಭವ್ಯವಾಗಿದೆ, ಎದುರಿನ ಮಂಟಪದ ನಂದಿ ದೊಡ್ಡದಾಗಿದೆ ಎಂಬುದನ್ನು ಬಿಟ್ಟರೆ ನನಗೆ ಹೆಚ್ಚೇನೂ ತಿಳಿಯಲಿಲ್ಲ, ಅರ್ಧ ಗಂಟೆಯಲ್ಲಿ ಹೊರಬಿದ್ದೆ. ಎರಡನೆಯ ಸಲ ಕೆಳದಿಯಿಂದ ಆರಂಭಿಸಿದೆ. ಅಲ್ಲಿನ ವಸ್ತುಸಂಗ್ರಹಾಲಯ ಚಿಕ್ಕದು, ಹೊಳಪಿನದ್ದೂ ಅಲ್ಲ. ಆದರೆ ತಾಳೆಗರಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ, 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ, ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಮೊದಲಾದವರು ಶಾಲೆಯ ಪಾಠದ ಹೆಸರುಗಳಾಗಿ ಉಳಿಯದೆ ಈ ಮಣ್ಣಿನವರಾಗಿ ಕಾಣಿಸತೊಡಗುತ್ತಾರೆ. ಪಕ್ಕದ ವೀರಭದ್ರ ದೇವಾಲಯದ ಛತ್ತಿನಲ್ಲಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ, ಅದೇ ದಿನ ಮಧ್ಯಾಹ್ನ ಇಕ್ಕೇರಿಗೆ ಹೋದೆ.

ಈ ಸಲ ಇಕ್ಕೇರಿ ಬೇರೆಯೇ ಆಗಿತ್ತು. ದೇವಾಲಯದ ನೆಲದ ಮೇಲೆ ಅಡ್ಡಬಿದ್ದು ನಮಸ್ಕರಿಸುತ್ತಿರುವಂತೆ ಕೆತ್ತಿದ ಮೂವರು ಕೆಳದಿ ನಾಯಕರ ಆಕೃತಿಗಳಿವೆ. ಹಿಂದಿನ ಸಲ ನಾನು ಅವುಗಳನ್ನು ಗಮನಿಸದೆಯೇ ದಾಟಿ ಹೋಗಿದ್ದೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಬೇಡಿ ಇದೆ. ಇನ್ನೊಂದು ಸಂಗತಿ ಅಡಿಕೆ ತೋಟದವರಿಗೆ ಖಂಡಿತ ಇಷ್ಟವಾಗುತ್ತದೆ. ಇಲ್ಲಿನ ನಡುಗಂಬಗಳ ನಡುವಣ ಅಂತರವನ್ನೇ ಹಿಂದೆ ತೋಟ ಅಳೆಯುವ ಮಾನವನ್ನಾಗಿ ಇಟ್ಟುಕೊಂಡಿದ್ದರು. 18 ಅಡಿ 6 ಅಂಗುಲದ ಆ ಕೋಲಳತೆಗೆ ‘ದಾಯ’ ಎಂದು ಹೆಸರು. ಒಂದು ಮರಕ್ಕೆ ಬೇಕಾದ ಜಾಗದ ಲೆಕ್ಕ ಅದು. ನಾನು ಹೆಜ್ಜೆ ಹಾಕಿ ಎಣಿಸಿದೆ, ಏಳು ಹೆಜ್ಜೆಗೆ ಸ್ವಲ್ಪ ಹೆಚ್ಚು ಬಂತು. ದೇವಸ್ಥಾನದ ಕಂಬಗಳೇ ಸರ್ಕಾರಿ ಅಳತೆಗೋಲಾಗಿದ್ದ ಕಾಲವನ್ನು ಕಲ್ಪಿಸಿಕೊಳ್ಳಲು ಅಷ್ಟು ಸಾಕು.

ಸಾಗರದ ಉಳಿದ ಆಕರ್ಷಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂವತ್ತು ಕಿ.ಮೀ. ದೂರದ ಜೋಗವನ್ನು ಮಳೆಗಾಲದಲ್ಲಿ ನೋಡಬೇಕು. ಲಿಂಗನಮಕ್ಕಿ ಆಣೆಕಟ್ಟಿನಲ್ಲಿ ನೀರು ತಡೆಹಿಡಿದಿರುವ ಬೇಸಿಗೆಯಲ್ಲಿ 253 ಮೀಟರಿನ ಬಂಡೆಯನ್ನಷ್ಟೇ ನೋಡಿ ಬರಬೇಕಾಗುತ್ತದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಿಂದ ಇದೆ, ನಾಟಕದ ದಿನ ಸಿಕ್ಕಿದರೆ ಆ ಸಂಜೆಯನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಚೌಡೇಶ್ವರಿ ದೇವಾಲಯವಿರುವ ಸಿಗಂದೂರಿಗೆ ನಾನು ಮೊದಲ ಸಲ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಹೋಗಿದ್ದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಬಸ್ಸಿನಲ್ಲೇ ದಾಟಿದೆ. ಲಾಂಚಿನ ಗಾಳಿ ನೆನಪಾಯಿತು, ನಿಜ. ಆದರೆ ಆಣೆಕಟ್ಟಿನ ನೀರು ನಿಂತಂದಿನಿಂದ ಆಸ್ಪತ್ರೆಗೂ ಲಾಂಚನ್ನೇ ಕಾಯಬೇಕಾಗಿದ್ದ ಆಚೆ ದಡದವರ ಎದುರಿನಲ್ಲಿ ಪ್ರವಾಸಿಗನ ಈ ಕೊರಗನ್ನು ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ತೀರ್ಥಹಳ್ಳಿಯ ಸುತ್ತ ಸ್ಥಳಗಳು ಹೆಚ್ಚು ಚದುರಿವೆ. ಆಗುಂಬೆ ಒಂದು ಕಡೆ ಮೂವತ್ತು ಕಿ.ಮೀ., ಕವಲೇದುರ್ಗದ ಕೋಟೆ ಇನ್ನೊಂದು ಕಡೆ ಹದಿನೆಂಟು, ಕುಪ್ಪಳಿ ಮತ್ತೊಂದು ಕಡೆ ಸುಮಾರು ಹದಿನೈದು. ಬಸ್ಸಿನವರು ಪ್ರತಿ ಸಲವೂ ಪೇಟೆಗೆ ಮರಳಿ ಮತ್ತೆ ಹೊರಡಬೇಕು, ದಿನಕ್ಕೆ ಎರಡು ಜಾಗ ನೋಡಿದರೆ ಹೆಚ್ಚು. ಆದರೆ ನೋಡುಗನಿಗೆ ಒಂದು ನಾಡನ್ನು ಪರಿಚಯಿಸಿಕೊಡುವ ವಿಷಯದಲ್ಲಿ ಕುಪ್ಪಳಿಯ ಕವಿಮನೆಗೆ ಸಾಟಿಯಾಗುವುದು ಸಾಗರದ ಕಡೆ ಇಲ್ಲ. ಕುವೆಂಪು ಬೆಳೆದ ಆ ಹೆಂಚಿನ ತೊಟ್ಟಿಮನೆಯಲ್ಲಿ ಫಲಕಗಳನ್ನು ಓದುವ ಮೊದಲೇ ಅರ್ಧ ವಿಷಯ ತಿಳಿದುಬಿಡುತ್ತದೆ: ಕೈ ಸವರಿ ನುಣುಪಾದ ಮರದ ಕಂಬ, ಕಡೆಗೋಲು, ಬಚ್ಚಲಿನ ದೊಡ್ಡ ಹಂಡೆ, ತೊಟ್ಟಿಯೊಳಗೆ ನೇರವಾಗಿ ಬೀಳುವ ಬೆಳಕು. ಮಳೆ ಬರುವಾಗ ಹೋಗಿದ್ದೆ. ನಾಲ್ಕೂ ಕಡೆಯ ಸೂರಿನಿಂದ ಅಂಗಳಕ್ಕೆ ನೀರು ಇಳಿಯುವುದನ್ನು ಜಗಲಿಯಲ್ಲಿ ನಿಂತು ನೋಡುತ್ತಿದ್ದಾಗ, ಮಲೆನಾಡಿನವರು ಮನೆಯನ್ನು ಹೀಗೇಕೆ ಕಟ್ಟುತ್ತಿದ್ದರೆಂದು ಯಾರೂ ವಿವರಿಸಬೇಕಾಗಲಿಲ್ಲ. ಕೆಳದಿಯ ಸಂಗ್ರಹಾಲಯದಲ್ಲಿ ವಸ್ತುಗಳು ತಮ್ಮ ಜಾಗ ಬಿಟ್ಟು ಕಪಾಟಿಗೆ ಬಂದಿವೆ. ಇಲ್ಲಿ ಮನೆಯೇ ವಸ್ತು. ಹಿಂದಿನ ಗುಡ್ಡದ ಕವಿಶೈಲದಲ್ಲಿ, 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯ ಬಳಿ ಕುಳಿತು ಹೊತ್ತು ಮರೆತದ್ದರಿಂದ ನನಗೆ ಬಸ್ಸು ತಪ್ಪಿತು. ಮುಖ್ಯರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಾದೆ. ಮರಳುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರರನ್ನು ಕೇಳಿಟ್ಟುಕೊಳ್ಳಿ.

ಆಗುಂಬೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ಜುಲೈಯಲ್ಲಿ ಹೋದ ನನಗೆ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನನ್ನ ಕೊಡೆಯ ಅಂಚಿನಾಚೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಸೂರ್ಯಾಸ್ತವೇ ಬೇಕೆನ್ನುವವರು ಮಳೆ ಕಳೆದು ಚಳಿ ಬಿದ್ದ ಮೇಲೆ ಹೋಗಬೇಕು, ಮಳೆಯೇ ಬೇಕೆನ್ನುವವರಿಗೆ ಜುಲೈಯೇ ಸರಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಬಯಸಬಾರದು. ಮಕ್ಕಳಿದ್ದರೆ ಆಗುಂಬೆಗಿಂತ ಚಿಬ್ಬಲಗುಡ್ಡೆ ಮೇಲು. ಅಲ್ಲಿ ದೇವಸ್ಥಾನದ ಮೆಟ್ಟಿಲ ಬಳಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಮಂಡಕ್ಕಿ ಹಾಕಿದರೆ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬರುತ್ತವೆ.

ಊರಿನ ಸಂಜೆಯನ್ನು ಹೋಲಿಸಿದರೆ ತೀರ್ಥಹಳ್ಳಿಗೆ ನನ್ನ ಮತ. ಸಾಗರದಲ್ಲಿ ವಸತಿಗೃಹ, ಊಟದ ಆಯ್ಕೆ ಹೆಚ್ಚು. ಗುಡಿಗಾರರ ಗಂಧದ ಕೆತ್ತನೆಯನ್ನು ನೋಡುವುದಕ್ಕೂ ಒಂದು ಗಂಟೆ ಬೇಕು. ಆದರೆ ಕತ್ತಲಾದ ಮೇಲೆ ಅದು ಗದ್ದಲದ ವ್ಯಾಪಾರದ ಪೇಟೆ. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವಾಲಯದ ಬಳಿ ಹೊಳೆಯ ಬಂಡೆಗಳ ಮೇಲೆ ಕುಳಿತುಕೊಂಡರೆ ಸಂಜೆ ತಾನಾಗಿ ಕಳೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಬಂಡೆಗಳ ಆಸೆ ಬಿಡಬೇಕು. ಹೊಳೆಯಲ್ಲಿರುವ ರಾಮಮಂಟಪ ಮುಳುಗಿತೇ ಎಂದು ಊರಿನವರೇ ಹೋಗಿ ನೋಡಿ ಬರುವ ದಿನಗಳವು.

ಎರಡೇ ದಿನವಿದ್ದು ಬಸ್ಸನ್ನೇ ನಂಬಿರುವವರು ಸಾಗರವನ್ನು ಆರಿಸಿಕೊಳ್ಳಲಿ. ಒಂದೇ ಜಾಗದಲ್ಲಿ ಅರ್ಧ ದಿನ ಸುಮ್ಮನೆ ಕೂರಬಲ್ಲವರಿಗೆ ತೀರ್ಥಹಳ್ಳಿ ಸರಿ. ನಾಲ್ಕು ದಿನ ಸಿಕ್ಕುವುದಾದರೆ ಎರಡನ್ನೂ ಸೇರಿಸಿ, ಸಾಗರದಿಂದಲೇ ಆರಂಭಿಸಿ. ಕೆಳದಿ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಬದಲಿಸಿದರು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವಾಗ, 1763ರಲ್ಲಿ ಹೈದರಾಲಿ ಗೆದ್ದುಕೊಂಡ ಆ ಬಿದನೂರು, ಅಂದರೆ ಇಂದಿನ ‘ನಗರ’ ಎಂಬ ಊರಿನ ಕೋಟೆಯನ್ನು ನೋಡಿ, ಮರುದಿನ ಅದೇ ಅರಸರ ಕವಲೇದುರ್ಗವನ್ನು ಹತ್ತಬಹುದು. ದುರ್ಗದ ಹಾಸುಗಲ್ಲಿನ ದಾರಿ ಗದ್ದೆಗಳ ಅಂಚಿನಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಇಂಬಳಗಳೂ (ಕಾಡಿನ ಜಿಗಣೆಗಳು) ಬಿಡುವುದಿಲ್ಲ. ಜೇಬಿನಲ್ಲಿ ಸ್ವಲ್ಪ ಉಪ್ಪು ಇರಲಿ.